ಮನೆಯೇ ಮೊದಲ ಪ್ರಯೋಗಶಾಲೆ

ಸಂಜೆ ಆರಾಗುತ್ತಲೇ ಬೀದಿಯುದ್ದಕ್ಕೂ ಕಿಟಕಿಗಳು ಪಟಪಟ ಮುಚ್ಚಿಕೊಳ್ಳುತ್ತವೆ. ಸೊಳ್ಳೆ ಬರುವ ಹೊತ್ತು. ಅಗಳಿ ಹಾಕಿ, ಬಾಗಿಲ ಸಂದಿಗೆ ಹಳೆಯ ಟವೆಲ್ ತುರುಕಿ, ಮಂಚದ ಕೆಳಗೆ ಸೊಳ್ಳೆ ಬತ್ತಿ ಹಚ್ಚಿಟ್ಟರೆ ಗೃಹಸ್ಥನ ಅಂದಿನ ರಕ್ಷಣಾ ಕಾರ್ಯ ಮುಗಿಯಿತು. ಪೊಟ್ಟಣದ ಹಿಂಬದಿಯಲ್ಲಿ ಇರುವೆಗಳು ಓದಲೆಂದೇ ಅಚ್ಚು ಹಾಕಿಸಿದ ಅಕ್ಷರಗಳಲ್ಲಿ ಒಂದು ಸೂಚನೆ ಇರುತ್ತದೆ: ಗಾಳಿಯಾಡುವ ಕೋಣೆಯಲ್ಲಿ ಬಳಸಿ. ಗಾಳಿಯಾಡಬೇಕಾದರೆ ಕಿಟಕಿ ತೆಗೆಯಬೇಕು. ಕಿಟಕಿ ತೆಗೆದರೆ ಸೊಳ್ಳೆ ಬರುತ್ತದೆ. ಸೊಳ್ಳೆ ಬಂದರೆ ಬತ್ತಿ ಹಚ್ಚಬೇಕು. ಬತ್ತಿ ಹಚ್ಚಿದರೆ ಕಿಟಕಿ ತೆಗೆಯಬೇಕು. ದ್ವೈತಿಗಳೂ ಅದ್ವೈತಿಗಳೂ ಎದುರುಬದುರು ಕೂತು ವಾದಿಸಿದರೂ ಬಗೆಹರಿಯದ ಈ ಗಂಟನ್ನು ಕಂಪನಿ ಒಂದೇ ಸಾಲಿನಲ್ಲಿ ಬರೆದು ಗಿರಾಕಿಯ ತಲೆಗೆ ಕಟ್ಟಿ, ಕೈ ತೊಳೆದುಕೊಂಡಿದೆ.

ಬತ್ತಿ ಉರಿದಾಗ ಏನಾಗುತ್ತದೆಂದು ನೋಡಿದವರಿದ್ದಾರೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಚೀನಾ ಮತ್ತು ಮಲೇಷ್ಯಾದ ಬತ್ತಿಗಳನ್ನು ಉರಿಸಿ ಲೆಕ್ಕ ಹಾಕಿತು. ಒಂದು ಬತ್ತಿ ಪೂರ್ತಿ ಉರಿದರೆ ಹೊರಬೀಳುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನಷ್ಟು. ಫಾರ್ಮಾಲ್ಡಿಹೈಡ್ ಕೆಲವದರಲ್ಲಿ 51 ಸಿಗರೇಟಿನಷ್ಟು. ಮಗ ತಾರಸಿಯ ಮೇಲೆ ಕದ್ದು ಒಂದು ಸಿಗರೇಟು ಸೇದಿದ್ದಕ್ಕೆ ವಾರಗಟ್ಟಲೆ ಮಾತು ಬಿಟ್ಟ ಅಪ್ಪ, ಅದೇ ಮಗನ ಮಂಚದಡಿ ದಿನಾ ರಾತ್ರಿ ನೂರು ಸಿಗರೇಟು ಹಚ್ಚಿಟ್ಟು ‘ನೆಮ್ಮದಿಯಾಗಿ ಮಲಕ್ಕೋ ಮಗಾ’ ಅನ್ನುತ್ತಾನೆ. ಪ್ಯಾಕೆಟ್ಟಿನ ಮೇಲೆ ಬೇವಿನೆಲೆಯ ಚಿತ್ರವಿದ್ದರೆ ನಿದ್ದೆ ಇನ್ನೂ ಗಾಢ. ಬೇವಿನ ಹೊಗೆ ಶ್ವಾಸಕೋಶದೊಳಗೆ ಹೋಗಿ ಆಯುರ್ವೇದ ಆಗಿಬಿಡುತ್ತದೆಂದು ನಮ್ಮ ನಂಬಿಕೆ. ಇಷ್ಟೆಲ್ಲ ಆಗಿ, ಜಾಹೀರಾತಿನಲ್ಲಿ ಹಲ್ಲು ಕಿಸಿಯುವ ಆ ಡೆಂಗಿ ಸೊಳ್ಳೆ ಕಚ್ಚುವುದು ಹಗಲು ಹೊತ್ತಿನಲ್ಲಿ. ನಾವು ಬತ್ತಿ ಹಚ್ಚುವಷ್ಟರಲ್ಲಿ ಅದು ತನ್ನ ಪಾಳಿ ಮುಗಿಸಿ ಹೂಕುಂಡದ ತಟ್ಟೆಯ ಬಳಿ ವಿಶ್ರಾಂತಿಯಲ್ಲಿರುತ್ತದೆ.

ಸರ್ಕಾರ ಎಚ್ಚರಿಸಿಲ್ಲ ಅನ್ನುವಂತಿಲ್ಲ. 1971ರ ಕೀಟನಾಶಕ ನಿಯಮಗಳ ಪ್ರಕಾರ ಪ್ರತಿ ಡಬ್ಬಿಯ ಮೇಲೂ ವಜ್ರಾಕೃತಿಯೊಂದು ಇರಬೇಕು, ಅದರೊಳಗೆ ಬಣ್ಣದ ತ್ರಿಕೋನ. ಕೆಂಪೆಂದರೆ ಘೋರ ವಿಷ, ಹಳದಿಯೆಂದರೆ ಹೆಚ್ಚು ವಿಷ, ನೀಲಿಯೆಂದರೆ ಮಧ್ಯಮ ವಿಷ, ಹಸಿರೆಂದರೆ ಅಲ್ಪ ವಿಷ. ಮನೆಯೊಳಗೆ ಬರುವವು ಬಹುತೇಕ ನೀಲಿ ಇಲ್ಲವೇ ಹಸಿರು. ಬಿಸ್ಕತ್ತಿನ ಪೊಟ್ಟಣದ ಮೇಲೆ ಹಸಿರು ಚುಕ್ಕೆ ನೋಡಿ ಕೊಳ್ಳುವ ನಮ್ಮ ಜನ ಇದನ್ನೂ ನೋಡಿ, ‘ಪರವಾಗಿಲ್ಲ, ವೆಜ್ಜು’ ಎಂದು ಬುಟ್ಟಿಗೆ ಹಾಕಿಕೊಳ್ಳುತ್ತಾರೆ. ಈ ಬಣ್ಣ ನಿಂತಿರುವುದು ಎಷ್ಟು ವಿಷ ಒಮ್ಮೆಗೇ ಕುಡಿಸಿದರೆ ಇಲಿಗಳಲ್ಲಿ ಅರ್ಧದಷ್ಟು ಸಾಯುತ್ತವೆ ಎಂಬ ಲೆಕ್ಕದ ಮೇಲೆ. ಮೂವತ್ತು ವರ್ಷ ದಿನಾ ರಾತ್ರಿ ಎಂಟು ಗಂಟೆ ಉಸಿರಾಡಿದರೆ ಏನಾಗುತ್ತದೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಇಲಿಗಳು ಅಷ್ಟು ವರ್ಷ ಬದುಕುವುದಿಲ್ಲ. ಆ ಭಾಗದ ಪ್ರಯೋಗವನ್ನು ನಾವು ವಹಿಸಿಕೊಂಡಿದ್ದೇವೆ, ಅದೂ ಸ್ವಂತ ಖರ್ಚಿನಲ್ಲಿ.

ನಮ್ಮ ಮನೆಗಳಲ್ಲಿ ಆರೋಗ್ಯಾಧಿಕಾರಿ ಯಾರೆಂದು ಕೇಳಿದರೆ, ಮೂಗು. ನೆಲ ಒರೆಸಿದ್ದು ಕಣ್ಣಿಗೆ ಕಂಡರೆ ಸಾಲದು, ಮೂಗಿಗೆ ತಾಗಬೇಕು. ಅತ್ತೆಯವರು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಲ್ಯಾವೆಂಡರ್ ಹೊಡೆಯಬೇಕು. ಲ್ಯಾವೆಂಡರ್ ಗಿಡ ಹೇಗಿರುತ್ತದೆಂದು ಆ ಮನೆಯಲ್ಲಿ ಯಾರೂ ಕಂಡಿರುವುದಿಲ್ಲ, ಆದರೆ ಅದರ ವಾಸನೆ ಇಲ್ಲದಿದ್ದರೆ ನೆಲ ಗಲೀಜು. ಬಚ್ಚಲಿಗೆ ನಿಂಬೆ, ಕಾರಿಗೆ ಸಮುದ್ರದ ಗಾಳಿ, ಬಟ್ಟೆಗೆ ಮುಂಜಾವಿನ ಇಬ್ಬನಿ. ಮೈಸೂರು ಮಲ್ಲಿಗೆ ಎಂದು ಬರೆದ ಶೀಷೆಯೊಳಗಿನ ದ್ರವ ಮೈಸೂರಿನ ಯಾವ ಮಲ್ಲಿಗೆ ಬಳ್ಳಿಯ ಪಕ್ಕದಲ್ಲೂ ಹಾದುಹೋಗಿರುವುದಿಲ್ಲ. ಸೋಪಿನ ಹೊದಿಕೆಯ ಮೇಲೆ ಪರ್ಫ್ಯೂಮ್ ಎಂಬ ಒಂದೇ ಪದವಿರುತ್ತದೆ. ಅದರ ಕೊಡೆಯಡಿ ಹತ್ತಾರು, ಕೆಲವೊಮ್ಮೆ ನೂರಾರು ರಾಸಾಯನಿಕಗಳು ನಿಂತಿರಬಹುದು. ಹೆಸರು ಹೇಳಿಕೊಳ್ಳುವ ಬಲವಂತ ಅವಕ್ಕಿಲ್ಲ, ವ್ಯಾಪಾರದ ಗುಟ್ಟು. ವಾಸನೆ ಬೇಗ ಹಾರಿಹೋಗದಂತೆ ಹಿಡಿದಿಡಲು ಬಳಸುವ ಥ್ಯಾಲೇಟುಗಳೂ ಆ ಗುಂಪಿನಲ್ಲಿರುತ್ತವೆ. ಅವುಗಳಲ್ಲಿ ಕೆಲವು ದೇಹದ ಹಾರ್ಮೋನುಗಳ ಕೆಲಸಕ್ಕೆ ಅಡ್ಡಗಾಲು ಹಾಕುವ ಜಾತಿಯವು. ನಿಂಬೆ, ಕಿತ್ತಳೆಯ ಘಮ ಕೊಡುವ ಲಿಮೊನಿನ್ ಇನ್ನೂ ಸ್ವಾರಸ್ಯದ್ದು. ಅದು ಗಾಳಿಯಲ್ಲಿರುವ ಓಝೋನ್ ಜೊತೆ ಸೇರಿದರೆ ಫಾರ್ಮಾಲ್ಡಿಹೈಡ್ ಹುಟ್ಟುತ್ತದೆ. ಕಸ ಗುಡಿಸಿ, ನೆಲ ಒರೆಸಿ, ತಾಜಾ ನಿಂಬೆಯ ಪರಿಮಳವನ್ನು ಎದೆ ತುಂಬ ಎಳೆದುಕೊಳ್ಳುವ ಆ ತೃಪ್ತಿಯಲ್ಲಿ ಹೆಣ ಕೆಡದಂತೆ ಇಡುವ ದ್ರಾವಣದ ಒಂದು ಎಳೆಯೂ ಬೆರೆತಿರುತ್ತದೆ.

ಕ್ರಿಮಿಗಳ ಕಥೆ ಬೇರೆ. ಶೇಕಡಾ 99.9ರಷ್ಟನ್ನು ಕೊಲ್ಲುತ್ತೇವೆಂದು ಎಲ್ಲ ಕಂಪನಿಗಳೂ ಹೇಳುತ್ತವೆ. ನೂರು ಎಂದು ಯಾವ ಕಂಪನಿಯೂ ಹೇಳುವುದಿಲ್ಲ. ಉಳಿದ ಆ 0.1ರ ಮೇಲೇ ನನಗೆ ಕುತೂಹಲ. ಯಾವ ಸೋಪಿಗೂ, ಯಾವ ದ್ರಾವಣಕ್ಕೂ ಜಗ್ಗದೆ, ಎಲ್ಲ ಜಾಹೀರಾತುಗಳಲ್ಲೂ ಬದುಕುಳಿಯುವ ಆ ಮಹಾನುಭಾವ ಕ್ರಿಮಿಗಳಿಗೆ ಕಾರ್ಪೊರೇಷನ್ ಚುನಾವಣೆಯಲ್ಲಿ ಟಿಕೆಟ್ ಕೊಡಬಹುದು. 2016ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಟ್ರೈಕ್ಲೋಸಾನ್ ಸೇರಿ 19 ಕ್ರಿಮಿನಾಶಕ ಅಂಶಗಳನ್ನು ಕೈ ತೊಳೆಯುವ ಸೋಪಿನಿಂದ ಹೊರಹಾಕಿತು. ಅವು ಸಾದಾ ಸೋಪು-ನೀರಿಗಿಂತ ಮೇಲು ಎಂಬುದಕ್ಕೆ ಪುರಾವೆ ಕೊಡಿ ಎಂದು ಕೇಳಿತ್ತು, ಕಂಪನಿಗಳಿಂದ ಕೊಡಲಾಗಲಿಲ್ಲ. ಪುರಾವೆಯೇ ಇಲ್ಲದ ಆ ಮೇಲುಗಾರಿಕೆಗೆ ದಶಕಗಟ್ಟಲೆ ನಾಲ್ಕು ಕಾಸು ಹೆಚ್ಚು ಕೊಟ್ಟವರು ಯಾರೂ ಬಾಕಿ ವಾಪಸು ಕೇಳಲಿಲ್ಲ.

ದರ್ಶಿನಿಗೆ ಹೋಗಿ. ಇಡ್ಲಿ-ವಡೆ ತಿಂದು ಕೈ ತೊಳೆಯಲು ಬೇಸಿನ್ನಿಗೆ ಬಗ್ಗಿದರೆ ತೂತಿನ ಸುತ್ತ ಬಿಳಿ ಗೋಲಿಗಳು ಕುಳಿತಿರುತ್ತವೆ, ಅವುಗಳ ನಡುವೆ ಒಂದು ಜಿರಲೆ ಲಗೋರಿ ಆಡುತ್ತಿರುತ್ತದೆ. ನುಸಿಗುಳಿಗೆ. ಇವೇ ಗೋಲಿಗಳು ಬೀರುವಿನಲ್ಲಿ ಅಜ್ಜಿಯ ರೇಷ್ಮೆ ಸೀರೆಯ ಮಡಿಕೆಯಲ್ಲೂ ಇರುತ್ತವೆ. ಮದುವೆ ಮನೆಯ ಮುಂದಿನ ಸಾಲಿನಲ್ಲಿ ಕೂತವರನ್ನು ಕಣ್ಣು ಮುಚ್ಚಿಯೂ ಗುರುತಿಸಬಹುದು. ಈ ಗುಳಿಗೆಗಳಲ್ಲಿರುವ ನ್ಯಾಫ್ತಲೀನನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್ ತರಬಹುದಾದವುಗಳ ಪಟ್ಟಿಯಲ್ಲಿಟ್ಟಿದೆ. ಯುರೋಪ್ ಒಕ್ಕೂಟ ಈ ಗುಳಿಗೆಗಳನ್ನು 2008ರಲ್ಲೇ ಅಂಗಡಿಯಿಂದ ಓಡಿಸಿತು. ಕ್ಯಾನ್ಸರಿನ ಮಾತು ದೂರದ್ದು ಅನ್ನಿಸಿದರೆ ಹತ್ತಿರದ್ದೊಂದಿದೆ. ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಎಳೆಗೂಸನ್ನು ಈ ಗುಳಿಗೆಗಳ ನಡುವೆ ಇಟ್ಟಿದ್ದ ಬಟ್ಟೆಯಲ್ಲಿ ಸುತ್ತಿದರೆ ಅದರ ಕೆಂಪು ರಕ್ತಕಣಗಳು ಒಡೆದು ಕಾಮಾಲೆ ಏರಬಹುದು. ಬಾಣಂತಿಯ ಕೋಣೆಗೆ ಬೆಕ್ಕು ಬರದಂತೆ ಕಾವಲು ಕೂರುವ ಮನೆಯಲ್ಲಿ ಬೀರುವಿನಿಂದ ತೆಗೆದ ಮೆತ್ತನೆಯ ಹಳೆಯ ಸೀರೆಗೆ ಮಾತ್ರ ತಡೆಯಿಲ್ಲ.

ಭಾನುವಾರ ಬಚ್ಚಲ ಶುದ್ಧೀಕರಣ. ಸೈಕಲ್ಲಿನ ಮೇಲೆ ‘ಆಸಿಡ್, ಫಿನಾಯಿಲ್’ ಎಂದು ಕೂಗುತ್ತ ಬರುವವನಿಂದ ಹಳೆಯ ನೀರಿನ ಬಾಟಲಿಯಲ್ಲಿ ತುಂಬಿಸಿಕೊಂಡ ಹಳದಿ ಆಸಿಡ್ಡು ಒಂದು ಕೈಯಲ್ಲಿ, ಬ್ಲೀಚಿಂಗ್ ಪೌಡರ್ ಇನ್ನೊಂದು ಕೈಯಲ್ಲಿ. ಆಸಿಡ್ ಮಾರುವವರು ಕೊಳ್ಳುವವರ ಗುರುತಿನ ಚೀಟಿ ನೋಡಬೇಕು, ವಿಳಾಸ ಬರೆದಿಡಬೇಕು, 18 ತುಂಬದವರಿಗೆ ಕೊಡಬಾರದು ಎಂದು ಸುಪ್ರೀಂ ಕೋರ್ಟು 2013ರಲ್ಲಿ ಹೇಳಿತ್ತು. ಸೈಕಲ್ಲಿನವನು ನೋಡುವುದು ಚಿಲ್ಲರೆ ಇದೆಯೋ ಇಲ್ಲವೋ ಎಂಬುದನ್ನಷ್ಟೇ. ಒಂದರಿಂದ ಇಷ್ಟು ಸ್ವಚ್ಛವಾದರೆ ಎರಡೂ ಸೇರಿದರೆ ಇನ್ನೆಷ್ಟು ಎಂಬ ತರ್ಕದಲ್ಲಿ ಎರಡನ್ನೂ ಸುರಿದಾಗ ಹುಟ್ಟುವುದು ಕ್ಲೋರಿನ್ ಅನಿಲ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಎದುರಾಳಿಗಳ ಕಂದಕಗಳತ್ತ 150 ಟನ್ನಿಗೂ ಹೆಚ್ಚು ಹರಿಯಬಿಟ್ಟದ್ದು ಇದೇ ಅನಿಲವನ್ನು. ಆ ಕಾರ್ಯಾಚರಣೆಗೆ ಫ್ರಿಟ್ಜ್ ಹೇಬರ್‌ನಂಥ ಮಹಾ ರಸಾಯನಶಾಸ್ತ್ರಜ್ಞನ ಉಸ್ತುವಾರಿ ಬೇಕಾಯಿತು. ಮುಂದೆ ಅವನಿಗೆ ಬೇರೊಂದು ಕೆಲಸಕ್ಕೆ ನೊಬೆಲ್ ಕೂಡ ಬಂತು. ನಮ್ಮಲ್ಲಿ ಯಾವ ಪದವಿಯೂ ಇಲ್ಲದೆ ಆರಡಿ ನಾಲ್ಕಡಿಯ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಇದನ್ನು ಸಾಧಿಸುತ್ತಾರೆ.

ಕ್ಲೋರಿನ್ ಗಾಳಿಗಿಂತ ಭಾರ, ನೆಲದಲ್ಲೇ ನಿಲ್ಲುತ್ತದೆ. ಕುಕ್ಕರಗಾಲಲ್ಲಿ ಕೂತು ಉಜ್ಜುವವಳ ಮೂಗು ಎಲ್ಲಿರುತ್ತದೋ ಅಲ್ಲೇ. ಬಾಗಿಲಾಚೆ ನಿಂತು ‘ಆ ಮೂಲೆ ಬಿಟ್ಟೆ ನೋಡು’ ಎಂದು ನಿರ್ದೇಶಿಸುವವರಿಗೆ ಅಷ್ಟು ಎತ್ತರಕ್ಕೆ ಬೇಗ ತಟ್ಟುವುದಿಲ್ಲ. ಕೆಲಸದವಳಿಗೆ ಕೈಗವಸು ಕೊಟ್ಟಿದ್ದೇವೆಯೇ ಎಂಬ ಪ್ರಶ್ನೆಯನ್ನು ಅಪಾರ್ಟ್‌ಮೆಂಟಿನ ಸಭೆಯಲ್ಲಿ ಎತ್ತಿ ನೋಡಿ, ಮುಂದಿನ ಸಭೆಗೆ ನಿಮ್ಮನ್ನು ಕರೆಯುವುದಿಲ್ಲ. ನಾರ್ವೆಯ ಬರ್ಗೆನ್ ವಿಶ್ವವಿದ್ಯಾಲಯದವರು ಯುರೋಪಿನ ಆರು ಸಾವಿರಕ್ಕೂ ಹೆಚ್ಚು ಜನರ ಶ್ವಾಸಕೋಶವನ್ನು 20 ವರ್ಷ ಹಿಂಬಾಲಿಸಿ 2018ರಲ್ಲಿ ಫಲಿತಾಂಶ ಹೇಳಿದರು. ಸ್ವಚ್ಛತೆಯನ್ನೇ ಕಸುಬಾಗಿ ಮಾಡಿಕೊಂಡ ಹೆಂಗಸರ ಶ್ವಾಸಕೋಶದ ಸಾಮರ್ಥ್ಯ ಕುಗ್ಗಿದ ಪ್ರಮಾಣ, ದಿನಕ್ಕೆ ಒಂದು ಪ್ಯಾಕಿನಂತೆ ಹತ್ತಿಪ್ಪತ್ತು ವರ್ಷ ಸಿಗರೇಟು ಸೇದಿದವರ ಮಟ್ಟದ್ದು. ಮನೆಯಲ್ಲೇ ತೊಳೆದು ಬಳಿದವರದ್ದೂ ಕುಗ್ಗಿತ್ತು. ಗಂಡಸರಲ್ಲಿ ಅಂಥದ್ದೇನೂ ಕಾಣಲಿಲ್ಲವಂತೆ. ಅದೇ ಅಧ್ಯಯನ ನಮ್ಮಲ್ಲಿ ನಡೆದಿದ್ದರೆ, ಬಚ್ಚಲು ತೊಳೆಯುವ ಗಂಡಸರು ಎಂಬ ಕಾಲಮ್ಮಿಗೆ ಜನ ಹುಡುಕುವುದರಲ್ಲೇ 20 ವರ್ಷ ಕಳೆಯುತ್ತಿತ್ತು.

ಇನ್ನು ಅಡುಗೆಮನೆ. ಅಜ್ಜಿಯ ಕಾಲದ ಕಬ್ಬಿಣದ ದೋಸೆ ಕಾವಲಿಗೆ ಅದರದೇ ಆದ ಗತ್ತಿತ್ತು. ಅರ್ಧ ಈರುಳ್ಳಿಯಲ್ಲಿ ಎಣ್ಣೆ ಸವರಿ, ನೀರು ಚಿಮುಕಿಸಿ, ಮೊದಲ ದೋಸೆಯನ್ನು ಅದಕ್ಕೇ ಬಲಿ ಕೊಟ್ಟರೆ ಎರಡನೆಯದು ಏಳುತ್ತಿತ್ತು. ಅದರ ಸಿಟ್ಟು ಸೆಡವು ಸಹಿಸಲಾಗದೆ ನಾವು ನಾನ್‌ಸ್ಟಿಕ್ ತಂದೆವು. ಯಾವುದೂ ಅಂಟದ, ಯಾವ ಮಾತಿಗೂ ಜಗಳಕ್ಕೆ ಬರದ, ಮೊದಲ ದೋಸೆಯಿಂದಲೇ ನಗುನಗುತ್ತ ಸಹಕರಿಸುವ ಕಾವಲಿ. ಈ ಲೇಪದ ವಸ್ತು ಹುಟ್ಟಿದ್ದು 1938ರಲ್ಲಿ, ಡ್ಯೂಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಏನೋ ಮಾಡಲು ಹೋಗಿ ಏನೋ ಆದಾಗ. ಗೀರುಬಿದ್ದ ಕಾವಲಿಯಿಂದ ಎದ್ದ ಕಪ್ಪು ಚಕ್ಕೆ ದೋಸೆಯ ಜೊತೆ ಹೊಟ್ಟೆಗೆ ಹೋದರೆ ಏನಾಗುತ್ತದೆಂದು ಹೆದರುವವರಿಗೆ ಸಮಾಧಾನ ಹೇಳಿಬಿಡುತ್ತೇನೆ: ಆ ಚಕ್ಕೆಗೆ ಎಲ್ಲಿಯೂ ಅಂಟುವ ಸ್ವಭಾವವೇ ಇಲ್ಲ, ಬಂದ ಹಾಗೆ ಹೋಗುತ್ತದೆ. ಖಾಲಿ ಕಾವಲಿಯನ್ನು ಉರಿಯ ಮೇಲಿಟ್ಟು ಫೋನಿನಲ್ಲಿ ಮಾತಿಗೆ ಕೂತರೆ ಮಾತ್ರ ಅದರ ಹೊಗೆಗೆ ಪಂಜರದ ಗಿಳಿ ಸತ್ತೀತು.

ಅಂಟಿಕೊಂಡದ್ದು ಬೇರೆಯದು. ಈ ಲೇಪ ತಯಾರಿಸಲು ಬಳಸುತ್ತಿದ್ದ ಸಿ8 ಎಂಬ ರಾಸಾಯನಿಕ. ಅದು ಪ್ರಾಣಿಗಳ ಯಕೃತ್ತನ್ನು ಊದಿಸುತ್ತದೆಂದು ಕಂಪನಿಯ ಸ್ವಂತ ವಿಜ್ಞಾನಿಗಳಿಗೇ 1961ರಲ್ಲಿ ಗೊತ್ತಾಯಿತು. ಅಮೆರಿಕದ ವೆಸ್ಟ್ ವರ್ಜೀನಿಯಾದ ಪಾರ್ಕರ್ಸ್‌ಬರ್ಗ್ ಊರಿನ ಸುತ್ತ ಕುಡಿಯುವ ನೀರಿಗೆ ಅದು ಸೇರಿದೆಯೆಂದು 1984ರಲ್ಲಿ ಗೊತ್ತಾಯಿತು. ಅದನ್ನು ಕುಡಿಯುತ್ತಿದ್ದ ಊರವರಿಗೆ ಮಾತ್ರ ಯಾರೂ ಹೇಳಲಿಲ್ಲ. ಕೊನೆಗೆ ಹೇಳಿದ್ದು ಹಸುಗಳು. ವಿಲ್ಬರ್ ಟೆನ್ನಂಟ್ ಎಂಬ ರೈತ ತನ್ನ ದನಗಳು ಒಂದೊಂದಾಗಿ ಸಾಯುವುದನ್ನು ವಿಡಿಯೊ ಮಾಡಿಕೊಂಡು 1998ರಲ್ಲಿ ರಾಬ್ ಬಿಲಟ್ ಎಂಬ ವಕೀಲನ ಕಚೇರಿಗೆ ಹೋದ. ಆ ವಕೀಲ ಅಲ್ಲಿಯವರೆಗೆ ವಾದಿಸುತ್ತಿದ್ದುದು ರಾಸಾಯನಿಕ ಕಂಪನಿಗಳ ಪರ. ಮುಂದಿನದು ಸಿನಿಮಾ ಕೂಡ ಆಗಿದೆ. ಮೂತ್ರಪಿಂಡ ಮತ್ತು ವೃಷಣದ ಕ್ಯಾನ್ಸರ್, ಥೈರಾಯ್ಡ್ ತೊಂದರೆ ಸೇರಿ ಆರು ಕಾಯಿಲೆಗಳಿಗೂ ಸಿ8ಗೂ ನಂಟಿರುವ ಸಂಭವವಿದೆ ಎಂದು ವಿಜ್ಞಾನಿಗಳ ಸಮಿತಿ ಹೇಳಿತು. 2017ರಲ್ಲಿ ಸುಮಾರು 3,550 ಮೊಕದ್ದಮೆಗಳು 67 ಕೋಟಿ ಡಾಲರಿಗೆ ಇತ್ಯರ್ಥವಾದವು. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಖಚಿತ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದ್ದು 2023ರಲ್ಲಿ.

1961ರಿಂದ 2023. ಅರವತ್ತೆರಡು ವರ್ಷ. ಜಮೀನಿನ ವ್ಯಾಜ್ಯವಾದರೂ ಮೊಮ್ಮಕ್ಕಳ ಕಾಲಕ್ಕೆ ತೀರ್ಪು ಬರುತ್ತದೆ. ನಮ್ಮ ಲೋಕದಲ್ಲಿ ಮನುಷ್ಯನ ಮೇಲೆ ಗುಮಾನಿ ಬಂದರೆ ಮೊದಲು ಲಾಕಪ್ಪು, ಆಮೇಲೆ ವಿಚಾರಣೆ. ರಾಸಾಯನಿಕದ ಮೇಲೆ ಗುಮಾನಿ ಬಂದರೆ ಜಾಮೀನು ತಕ್ಷಣ, ವಿಚಾರಣೆ ಅರ್ಧ ಶತಮಾನ, ಸಾಕ್ಷಿಗಳೆಲ್ಲ ಆಸ್ಪತ್ರೆಯಲ್ಲಿ. ಈ ನಡುವೆ ಅಮೆರಿಕದಲ್ಲಿ ಪರೀಕ್ಷೆ ಮಾಡಿಸಿದ ಹೆಚ್ಚೂಕಮ್ಮಿ ಎಲ್ಲರ ರಕ್ತದಲ್ಲೂ ಸಿ8 ಸಿಕ್ಕಿದೆ. ದೋಸೆಯನ್ನೇ ಕಾಣದವರ ರಕ್ತದಲ್ಲೂ.

ತೀರ್ಪು ಬಂತಲ್ಲ, ಮುಗಿಯಿತೇ? ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲ್ಲಿ. ಸಿ8 ಹೋದ ಜಾಗಕ್ಕೆ ಅದರ ದಾಯಾದಿ ಜೆನ್‌ಎಕ್ಸ್ ಬಂದು ಕೂತಿತು. ಪ್ಲಾಸ್ಟಿಕ್ಕಿನ ಬಿಪಿಎ ಹಾರ್ಮೋನು ಕೆಡಿಸುತ್ತದೆಂದು ಗಲಾಟೆಯಾಗಿ, ಮಕ್ಕಳ ಹಾಲಿನ ಬಾಟಲಿಯಿಂದ ಅದನ್ನು ಹೊರಗಿಟ್ಟಾಗ ‘ಬಿಪಿಎ ಫ್ರೀ’ ಎಂಬ ಹೊಳೆಯುವ ಚೀಟಿ ಅಂಟಿಸಿಕೊಂಡು ಬಂದ ಎಷ್ಟೋ ಡಬ್ಬಿಗಳಲ್ಲಿ ಇದ್ದದ್ದು ಬಿಪಿಎಸ್. ಅದರ ನಡತೆಯೂ ಹೆಚ್ಚುಕಡಿಮೆ ಅಣ್ಣನದೇ.

ಇಷ್ಟು ಓದಿ ‘ಅದಕ್ಕೇ ಸಾರ್ ನಾವು ಕೆಮಿಕಲ್ ಇಲ್ಲದ್ದನ್ನೇ ಕೊಳ್ಳೋದು’ ಎಂದು ಎದ್ದು ನಿಂತವರೂ ಸ್ವಲ್ಪ ಕೂರಬೇಕು. ಕೆಮಿಕಲ್ ಇಲ್ಲದ ಶಾಂಪೂ ಎಂದರೆ ಖಾಲಿ ಬಾಟಲಿ. ಒಳಗೆ ಬರೀ ನೀರಿದ್ದರೂ ಅದು ಕೆಮಿಕಲ್ಲೇ. ಸೀಗೆಕಾಯಿಯಲ್ಲಿ ನೊರೆ ಬರುವುದು ಸ್ಯಾಪೊನಿನ್ ಎಂಬ ರಾಸಾಯನಿಕದಿಂದ. ಪಾಷಾಣ ನೂರಕ್ಕೆ ನೂರು ನೈಸರ್ಗಿಕ, ಕಾಸರಕದ ಬೀಜ ಸಾವಯವ, ನಾಗರಹಾವಿಗಂತೂ ಯಾವ ಕಾರ್ಖಾನೆಯ ಸೋಂಕೂ ಇಲ್ಲ. ಎಷ್ಟು, ಎಷ್ಟು ದಿನ, ಯಾರ ಮೈಗೆ ಎಂಬುದರ ಮೇಲೆ ವಿಷ ನಿಂತಿದೆ. ಆದರೆ ಈ ಮೂರು ಪ್ರಶ್ನೆ ಕೇಳಿದರೆ ಎರಡು ಬಗೆಯ ಅಂಗಡಿಗಳೂ ಮುಚ್ಚಬೇಕಾದೀತು. ಮೈಕ್ರೊವೇವ್ ಓವನ್ನಿನಿಂದ ಕ್ಯಾನ್ಸರ್ ಬರುತ್ತದೆಂದು ಬೆಳಗಿನ ಜಾವ ಐದಕ್ಕೇ ವಾಟ್ಸ್ಯಾಪಿನಲ್ಲಿ ಎಬ್ಬಿಸುವ ಮಾವಂದಿರು ಆ ಸಂದೇಶ ಟೈಪಿಸುವಾಗ ಪಕ್ಕದಲ್ಲಿ ಕಟ್ಟುಗಟ್ಟಲೆ ಊದುಬತ್ತಿ ಉರಿಯುತ್ತಿರುತ್ತದೆ.

ನೈಸರ್ಗಿಕವೆಂದೇ ಮಾರಾಟವಾಗುವ ಇನ್ನೊಂದು ಸರಕು ಬೆಳ್ಳಗಾಗುವ ಕ್ರೀಮು. ಕೇರಳದ ಮಲಪ್ಪುರಂ ಜಿಲ್ಲೆಯ ಆಸ್ಪತ್ರೆಯೊಂದಕ್ಕೆ 2021ರ ಜುಲೈನಿಂದ 2023ರ ಸೆಪ್ಟೆಂಬರ್‌ವರೆಗೆ ಒಂದೇ ನಮೂನೆಯ ಮೂತ್ರಪಿಂಡದ ಕಾಯಿಲೆಯ 22 ಮಂದಿ ಬಂದರು. ಅವರಲ್ಲಿ 15 ಮಂದಿಯದು ಅಪರೂಪದ ಬಗೆ. ಆ 15ರಲ್ಲಿ 13 ಮಂದಿ ಇಂಥ ಕ್ರೀಮು ಹಚ್ಚುತ್ತಿದ್ದವರು. ಕ್ರೀಮಿನಲ್ಲಿ ಪಾದರಸ. ಹಚ್ಚಿದ್ದು ಮುಖಕ್ಕೆ, ಬೆಲೆ ತೆತ್ತದ್ದು ಕಿಡ್ನಿ. ವಧು ಬೇಕಾಗಿದ್ದಾಳೆ ಎಂಬ ಜಾಹೀರಾತಿನಲ್ಲಿ ‘ಬೆಳ್ಳಗಿರಬೇಕು’ ಎಂದು ಬರೆಸಿದವರನ್ನು ಆ ವೈದ್ಯಕೀಯ ವರದಿಯಲ್ಲಿ ಕಾರಣಗಳ ಪಟ್ಟಿಗೆ ಸೇರಿಸಿಲ್ಲ.

ಹಾಗಂತ ಯಾರೂ ಏನೂ ಮಾಡಲಿಲ್ಲ ಅನ್ನುವುದು ಅನ್ಯಾಯ. ತೊಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರು ಸೇರಿ ಏಳು ನಗರಗಳಲ್ಲಿ ಮಕ್ಕಳ ರಕ್ತ ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸೀಸ ಆಗಿನ ಎಚ್ಚರಿಕೆಯ ಮಟ್ಟ ಮೀರಿತ್ತು. ಸೀಸಕ್ಕೆ ಸುರಕ್ಷಿತ ಮಟ್ಟ ಎಂಬುದೇ ಇಲ್ಲ, ಅದು ನೇರ ಮಗುವಿನ ಮಿದುಳಿಗೆ ಕೈ ಹಾಕುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರೊಫೆಸರ್ ತುಪ್ಪಿಲ್ ವೆಂಕಟೇಶ್ ವರ್ಷಗಟ್ಟಲೆ ಇದೊಂದನ್ನೇ ಹೇಳಿ ಹೇಳಿ, ಜನ ಅವರನ್ನು ಸೀಸದ ಮನುಷ್ಯ ಎಂದೇ ಕರೆಯತೊಡಗಿದರು. 2000ದಲ್ಲಿ ಪೆಟ್ರೋಲಿನಿಂದ ಸೀಸ ಹೋಯಿತು. ಮನೆಯ ಬಣ್ಣದಲ್ಲಿ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ 2017ರ ನವೆಂಬರ್ 1ರಂದು ಜಾರಿಗೆ ಬಂತು. ಅದೇ ದಿನ ಕನ್ನಡ ರಾಜ್ಯೋತ್ಸವವೂ ಹೌದು. ಯಾವ ಕಂಬದ ಹಳದಿ ಕೆಂಪು ಬಣ್ಣದಲ್ಲಿ ಎಷ್ಟು ಸೀಸವಿತ್ತೆಂದು ಯಾರೂ ಅಳೆಯಲಿಲ್ಲ. ಹೊಸ ಡಬ್ಬಿಗೆ ನಿಯಮ ಬಂತು, ಹಳೆಯ ಗೋಡೆಗೆ ಬರಲಿಲ್ಲ. ಈಗಲೂ ಯುಗಾದಿಗೆ ಸುಣ್ಣ-ಬಣ್ಣ ಮಾಡಿಸುವಾಗ ಅಜ್ಜನ ಕಾಲದ ಬಾಗಿಲನ್ನು ಮರಳು ಕಾಗದದಿಂದ ಉಜ್ಜಿ, ಆ ಪುಡಿಯ ನಡುವೆ ಮಗುವನ್ನು ಅಂಬೆಗಾಲಿಗೆ ಬಿಡುತ್ತೇವೆ.

ಯುರೋಪಿನಲ್ಲಿ 2007ರಿಂದ ರೀಚ್ ಎಂಬ ಕಾನೂನಿದೆ. ರಾಸಾಯನಿಕ ಮಾರಬೇಕಾದರೆ ಮೊದಲು ಅದರ ಜಾತಕ ಕೊಡು ಎಂಬುದು ಅದರ ತಿರುಳು. ನಮ್ಮಲ್ಲೂ ಅಂಥದ್ದೊಂದು ಬರುತ್ತಿದೆ. ಕರಡು ಸಿದ್ಧವಾಯಿತು, ತಿದ್ದಿದರು, ಮತ್ತೆ ಕರಡು ಆಯಿತು, ಆಕ್ಷೇಪಣೆ ಕರೆದರು, ಇನ್ನೊಂದು ಕರಡು. ಮಗಳಿಗೆ ಗಂಡು ನೋಡುವಾಗ ಮೂರು ತಲೆಮಾರಿನ ಗೋತ್ರ ಕೇಳುವ ದೇಶದಲ್ಲಿ, ಅವಳ ಪಾತ್ರೆ ತೊಳೆಯುವ ದ್ರವದ ಅಪ್ಪ-ಅಮ್ಮ ಯಾರೆಂದು ಕೇಳುವ ಅಧಿಕಾರಿಯ ಹುದ್ದೆ ಇನ್ನೂ ಮಂಜೂರಾಗಿಲ್ಲ.

ಮೊನ್ನೆ ನಮ್ಮ ಬೀದಿಯ ದಿನಸಿ ಅಂಗಡಿಯಲ್ಲಿ ವಾಸನೆಯೇ ಇಲ್ಲದ ನೆಲ ಒರೆಸುವ ದ್ರಾವಣ ಇದೆಯಾ ಎಂದು ಕೇಳಿದೆ. ಅಂಗಡಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ‘ವಾಸನೆ ಇಲ್ದಿದ್ರೆ ಒರೆಸಿದ್ದು ಗೊತ್ತಾಗೋದು ಹ್ಯಾಗೆ ಸಾರ್?’ ಎಂದವರೇ ನೇರಳೆ ಬಣ್ಣದ ಎರಡು ಲೀಟರಿನ ಡಬ್ಬಿ ಕೆಳಗಿಳಿಸಿ, ಧೂಳು ಒರೆಸಿ ಮುಂದಿಟ್ಟರು. ಜೊತೆಗೆ ಒಂದು ರೂಮ್ ಫ್ರೆಶ್ನರ್ ಉಚಿತ.